ಎಬೊನೈಟ್ ಐಡ್ರಾಪರ್ ಪೆನ್ನು: ದಿನಾ ನಾಲ್ಕು ಪುಟ ಬರೆಯುವ ಕೈಗೆ ಒಗ್ಗುತ್ತದೆಯೇ?

ದಿನಚರಿ, ಪತ್ರ, ಕವಿತೆ ಎಂದು ವರ್ಷಗಟ್ಟಲೆ ಬರೆಯುವವರಿಗೆ ಬಾಲ್‌ಪೆನ್ನು ಸಾಲದು. ಅದನ್ನು ಒತ್ತಿಯೇ ಬರೆಯಬೇಕು, ಮೂರನೇ ಪುಟಕ್ಕೆ ಹೆಬ್ಬೆರಳು ಸೋಲುತ್ತದೆ. ಶಾಯಿ ಪೆನ್ನಿಗೆ ಅದರ ತೂಕವೇ ಸಾಕು. ಅದರಲ್ಲೂ ಡ್ರಾಪರಿನಿಂದ ನೇರ ಹೊಟ್ಟೆಗೇ ಶಾಯಿ ಹಾಕುವ ಎಬೊನೈಟ್ (ಗಟ್ಟಿ ರಬ್ಬರಿನ) ಪೆನ್ನು ಸಾಮಾನ್ಯವಾಗಿ 2ರಿಂದ 3 ಮಿ.ಲೀ. ಹಿಡಿಯುತ್ತದೆ; ಕನ್ವರ್ಟರ್, ಅಂದರೆ ಶಾಯಿ ಎಳೆದುಕೊಳ್ಳುವ ಪುಟ್ಟ ಕೊಳವೆ, ಹಾಕಿದ ಪೆನ್ನು 1 ಮಿ.ಲೀ. ದಾಟುವುದು ಅಪರೂಪ. ಮನಸ್ಸಿನ ಮಾತು ಓಘ ಹಿಡಿದಾಗ ನಡುವೆ ಏಳಬೇಕಿಲ್ಲ. ಇದರ ದೊಡ್ಡ ಗುಣ ಇದೇ.

ನಿಬ್ಬು ಮಾತ್ರ ಫೈನ್ ಇರಲಿ. ಮೀಡಿಯಂ ನಿಬ್ಬಿನಲ್ಲಿ ಸಣ್ಣಗೆ ಬರೆದರೆ ‘ಧ’ದ ಸೀಳು ಮುಚ್ಚಿ ‘ದ’ ಆಗುತ್ತದೆ, ‘ಥ’ದ ಚುಕ್ಕೆ ಕರಗುತ್ತದೆ. ‘ರಾಷ್ಟ್ರ’, ‘ಸ್ತ್ರೀ’ಯಂಥ ಎರಡಂತಸ್ತಿನ ಒತ್ತು ಬಂದರಂತೂ 6 ಮಿ.ಮೀ. ಗೆರೆಯ ಪುಸ್ತಕದಲ್ಲಿ ಕೆಳಸಾಲಿನ ಗುಡಿಸಿಗೆ ತಾಗುತ್ತದೆ. 8 ಮಿ.ಮೀ. ಗೆರೆಯೇ ಸರಿ.

ಇನ್ನು ಇದರ ದೋಷ. ಶಾಯಿ ಮೂರನೇ ಒಂದು ಪಾಲಿಗೆ ಇಳಿದಾಗ ಒಳಗೆ ಗಾಳಿ ಹೆಚ್ಚಿರುತ್ತದೆ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರಗೆ ನೂಕುತ್ತದೆ, ಹಾಳೆಯ ಮೇಲೆ ಟಪ್ಪನೆ ಹನಿ ಬೀಳುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಈ ಕಾಟ ಹೆಚ್ಚು. ಎಬೊನೈಟು ಶಾಖವನ್ನು ನಿಧಾನಕ್ಕೆ ಒಳಬಿಡುವುದರಿಂದ ತೆಳು ಪ್ಲಾಸ್ಟಿಕ್ಕಿಗಿಂತ ಎಷ್ಟೋ ವಾಸಿ, ಆದರೆ ಪೂರ್ತಿ ತಪ್ಪುವುದಿಲ್ಲ. ಅರ್ಧಕ್ಕಿಳಿದಾಗಲೇ ತುಂಬಿಕೊಳ್ಳುವುದು ಒಂದೇ ದಾರಿ. ತಿರುಪಿನ ಎಳೆಗಳಿಗೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದರೆ ಬೆರಳಿಗೆ ಶಾಯಿ ಹತ್ತುವುದಿಲ್ಲ. ವ್ಯಾಸಲೀನ್ ಬೇಡ.

ಹೊಸ ಪೆನ್ನು ಸಾಲಿನ ನಡುವೆ ತಡವರಿಸಿದರೆ ಅಂಗಡಿಯವರನ್ನು ದೂರುವ ಮುಂಚೆ ತೊಳೆದು ನೋಡಿ. ತಯಾರಿಕೆಯ ಎಣ್ಣೆ ನಿಬ್ಬಿನ ಕೆಳಗಿನ ನಾಲಿಗೆಯಲ್ಲಿ ಉಳಿದಿರುತ್ತದೆ. ಒಂದು ಲೋಟ ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ, ಆಮೇಲೆ ಬರೀ ನೀರು. ಬಿಸಿನೀರು ಬಿದ್ದರೆ ಕರಿ ಎಬೊನೈಟು ಕಂದುಬಣ್ಣಕ್ಕೆ ತಿರುಗುತ್ತದೆ. ತೊಳೆದ ಮೇಲೂ ಕೆರೆಯುತ್ತಿದ್ದರೆ ನಿಬ್ಬಿನ ಎರಡು ತುದಿ ಸಮ ಇಲ್ಲದಿರಬಹುದು. ಭೂತಗನ್ನಡಿಯಲ್ಲಿ ನೋಡಿ, ಬದಲಿಸಿಕೊಳ್ಳಿ.

ಶಾಯಿಯ ವಿಷಯದಲ್ಲಿ ಜಿಪುಣತನ ಬೇಡ. ತೊಳೆದರೆ ಹೋಗುವ ರಾಯಲ್ ಬ್ಲೂ ಬೆಳಕಿಗೆ ಮಾಸುತ್ತದೆ, ನೀರು ತಾಗಿದರೆ ಅಳಿಯುತ್ತದೆ. ಮೊಮ್ಮಕ್ಕಳು ಓದಲಿ ಎಂದು ಬರೆಯುವವರಿಗೆ ಶಾಯಿ ಪೆನ್ನಿಗೆಂದೇ ಮಾಡಿದ ಪರ್ಮನೆಂಟ್ ಶಾಯಿಯೇ ತಕ್ಕದ್ದು. ಚಿತ್ರ ಬರೆಯುವ ಇಂಡಿಯನ್ ಇಂಕ್ ಅಪ್ಪಿತಪ್ಪಿಯೂ ಹಾಕಬೇಡಿ. ಅದರಲ್ಲಿನ ಅರಗು ಒಣಗಿ ನಾಲಿಗೆಯ ಕಾಲುವೆ ಕಟ್ಟಿದರೆ ಪೆನ್ನು ಹೋದಂತೆಯೇ.

ಕಾಗದಕ್ಕೆ ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕ) ಅಂಕಿಯೊಂದನ್ನೇ ನಂಬಬೇಡಿ, ಮೇಲಿನ ಲೇಪವೂ ಸರಿಯಿರಬೇಕು. ಬೆಳಗಾವಿಯ ಜುಲೈ ಮಳೆಯಲ್ಲಿ ತಂಪು ಹೀರಿದ ಹಾಳೆ 80 ಜಿಎಸ್‌ಎಂ ಇದ್ದರೂ ಶಾಯಿ ಹರಡಬಹುದು. ಅಲ್ಲಿನ ಖಡೇಬಜಾರಿಗೆ ಪುಸ್ತಕ ಕೊಳ್ಳಲು ಹೋಗುವಾಗ ತುಂಬಿದ ಪೆನ್ನು ಜೇಬಿನಲ್ಲಿರಲಿ. ಅಂಗಡಿಯವರನ್ನು ಕೇಳಿ ಕೊನೆಯ ಹಾಳೆಯಲ್ಲಿ ‘ಧಾರವಾಡ’ ಎಂದು ಬರೆದು, ಒಣಗಿದ ಮೇಲೆ ಹಿಂಬದಿ ನೋಡಿ.

ಮೇಜಿನ ಮುಂದೆ ಕೂತು ಬರೆಯುವವರು ಧಾರಾಳವಾಗಿ ಕೊಳ್ಳಿ. ಬಸ್ಸಿನ ಕುಲುಕಾಟದಲ್ಲಿ ದಿನಾ ಓಡಾಡುವವರಿಗೆ ಕನ್ವರ್ಟರ್ ಪೆನ್ನೇ ವಾಸಿ; ಇದನ್ನೇ ಒಯ್ಯಬೇಕೆಂದರೆ ಪೂರ್ತಿ ತುಂಬಿ, ನಿಬ್ಬು ಮೇಲ್ಮುಖವಾಗಿಟ್ಟು ಒಯ್ಯಿರಿ.