ಸಿರಿಂಜ್ ಪಂಪಾ, ವೋಲ್ಟೇಜಾ? ಗಾಜಿನ ಚಿಪ್‌ನಲ್ಲಿ ನಮ್ಮೂರ ನೀರು

ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರೋದು ಎಲ್ಲರಿಗೂ ಗೊತ್ತು. ನಮ್ಮಜ್ಜಿಯ ಹಲ್ಲಿನ ಮೇಲಿನ ಕಂದು ಗೆರೆಗಳನ್ನು ನೋಡುತ್ತಲೇ ಬೆಳೆದವಳು ನಾನು. ಅದಕ್ಕೇ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ, ಒಂದೇ ಹನಿ ನೀರಲ್ಲಿ ಫ್ಲೋರೈಡ್ ಬೇರ್ಪಡಿಸುವ ಚಿಪ್ ಆರಿಸಿಕೊಂಡೆ. ಗಾಜಿನಲ್ಲಿ ಕೊರೆದ ಕಾಲುವೆ: ಉದ್ದ 4 ಸೆಂ.ಮೀ., ಅಗಲ 100 ಮೈಕ್ರಾನ್, ಆಳ 50 ಮೈಕ್ರಾನ್. ಇದರೊಳಗೆ ನೀರು ಓಡಿಸೋದು ಹೇಗೆ? ಎರಡೂ ರೀತಿ ಮಾಡಿ ನೋಡಿದೆ.

ಸಿರಿಂಜ್ ಪಂಪ್ ಸುಲಭ. ಎಂಥ ನೀರಾದರೂ ತಳ್ಳುತ್ತದೆ. ಆದರೆ ನಡುವಿನ ನೀರು ಓಡುತ್ತದೆ, ಗೋಡೆ ಪಕ್ಕದ್ದು ನಿಂತೇ ಇರುತ್ತದೆ. ಬಣ್ಣ ಹಾಕಿದರೆ ಬೆರಳು ಚಾಚಿದ ಹಾಗೆ ಉದ್ದಕ್ಕೆ ಎಳೆದುಕೊಳ್ಳುತ್ತದೆ.

ವೋಲ್ಟೇಜ್‌ನ ಕಥೆಯೇ ಬೇರೆ. ನೀರು ತಾಗಿದ ಗಾಜಿನ ಗೋಡೆಗೆ ಋಣ ಚಾರ್ಜ್ ಬರುತ್ತದೆ, ಧನ ಅಯಾನುಗಳು ಕೆಲವೇ ನ್ಯಾನೋಮೀಟರ್ ದಪ್ಪದ ಪದರವಾಗಿ ಅಲ್ಲಿ ಸೇರುತ್ತವೆ, ಎರಡು ತುದಿಗೆ ಪ್ಲಾಟಿನಂ ತಂತಿ ಇಳಿಸಿ 400 ವೋಲ್ಟ್ ಕೊಟ್ಟರೆ ಆ ಪದರ ಜಾರುತ್ತಾ ಒಳಗಿನ ನೀರನ್ನೆಲ್ಲ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಬಣ್ಣದ ಅಂಚು ನೆಟ್ಟಗೆ ಹಾಗೇ ಸಾಗುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ಮೊದಲ ಸಲ ನೋಡಿದಾಗ ಕಣ್ಣು ತೆಗೆಯೋಕೆ ಆಗಲಿಲ್ಲ.

ಕಾಟವೂ ಜಾಸ್ತಿ. ಎರಡು ತುದಿಯ ಗುಂಡಿಗಳಲ್ಲಿ ನೀರಿನ ಮಟ್ಟ 1 ಮಿ.ಮೀ. ಹೆಚ್ಚುಕಮ್ಮಿ ಆದರೆ ಸಾಕು, ವೇಗದ ಲೆಕ್ಕ ಹತ್ತರಲ್ಲಿ ಒಂದು ಪಾಲು ತಪ್ಪುತ್ತದೆ. ತಂತಿಯ ತುದಿಯಿಂದ ಗುಳ್ಳೆ ಕಾಲುವೆಗೆ ನುಗ್ಗಿದರೆ ಕರೆಂಟ್ ಸೊನ್ನೆ. ಬೊರಾಕ್ಸ್ ಬಫರ್‌ನಲ್ಲಿ (ಆಮ್ಲ-ಕ್ಷಾರದ ಮಟ್ಟ ಏರುಪೇರಾಗದಂತೆ ಕಾಯುವ ದ್ರಾವಣ) ಬಣ್ಣ ಒಂದೂವರೆ ನಿಮಿಷಕ್ಕೆ ಆಚೆ ತುದಿ ಮುಟ್ಟಿತು. ನಮ್ಮೂರ ಗಡಸು ನೀರಲ್ಲಿ ಎರಡು ನಿಮಿಷ ದಾಟಿತು, ಯಾಕೆಂದರೆ ಕ್ಯಾಲ್ಸಿಯಂ ಗೋಡೆಗೆ ಕೂತು ಅದರ ಚಾರ್ಜ್ ಕಡಿಮೆ ಮಾಡುತ್ತದೆ.

ನಿಜವಾದ ಪೆಟ್ಟು ಬಿದ್ದಿದ್ದು ಫ್ಲೋರೈಡ್ ಹಾಕಿದಾಗ. ಎರಡು ದಿನ ಕಾದರೂ ಡಿಟೆಕ್ಟರ್‌ನಲ್ಲಿ ಏನೂ ಬರಲಿಲ್ಲ. ನೀರು ಹೋಗೋದು ಋಣ ತಂತಿಯ ಕಡೆಗೆ, ಫ್ಲೋರೈಡ್ ಎಳೆಯೋದು ಧನ ತಂತಿಯ ಕಡೆಗೆ, ಅದರ ಓಟ ನೀರಿಗಿಂತ ಜೋರು. ಅಂದರೆ ನನಗೆ ಬೇಕಾದದ್ದೇ ಹಿಂದಕ್ಕೆ ಹೋಗುತ್ತಿತ್ತು! ಬಫರ್‌ಗೆ ಸ್ವಲ್ಪ ಸಿಟ್ಯಾಬ್ (ಗೋಡೆಗೆ ಅಂಟುವ, ಧನ ಚಾರ್ಜಿನ ಸೋಪಿನಂಥ ರಾಸಾಯನಿಕ) ಬೆರೆಸಿದೆ. ಗೋಡೆಯ ಚಾರ್ಜ್ ಧನವಾಯಿತು, ಹರಿವು ಧನ ತಂತಿಯ ಕಡೆಗೆ ತಿರುಗಿತು, ಆ ಧನ ತುದಿ ಡಿಟೆಕ್ಟರ್ ಕಡೆಗೆ ಬರಲಿ ಅಂತ ತಂತಿಗಳನ್ನೂ ಅದಲುಬದಲು ಮಾಡಿದೆ. ಮೊದಲು ಕ್ಲೋರೈಡ್, ಸಲ್ಫೇಟ್, ನೈಟ್ರೇಟ್ ಬಂದವು, ಅವುಗಳ ಹಿಂದೆ ಒಂಟಿಯಾಗಿ ಫ್ಲೋರೈಡ್.

ಪಂಪ್ ಇವನ್ನೆಲ್ಲ ಒಟ್ಟಿಗೇ ತಳ್ಳಿಬಿಡುತ್ತದೆ, ಬೇರ್ಪಡಿಸೋದು ಅದರ ಕೈಲಿ ಆಗಲ್ಲ. ಕುಡಿಯುವ ನೀರಿಗೆ ಗರಿಷ್ಠ ಮಿತಿ ಲೀಟರ್‌ಗೆ 1.5 ಮಿ.ಗ್ರಾಂ., ಅಷ್ಟು ಸಣ್ಣ ಅಳತೆಗೆ ನನ್ನ ಆಯ್ಕೆ ವೋಲ್ಟೇಜೇ. ಪಂಪ್ ಬಿಟ್ಟಿಲ್ಲ, ಬೆಳಿಗ್ಗೆ ಚಿಪ್ ತೊಳೆಯೋಕೆ ಅದೇ ಬೇಕು.