‘ಫುಲ್ ಟ್ರೇನಿಂಗ್ ಆಗಿದೆ’ ಅಂದರೆ ನಂಬಬೇಡಿ: ಎರಡನೇ ನಾಯಿ ತರುವ ಮೊದಲು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಒಂದು ನಾಯಿ ಇದ್ದು, ಅದಕ್ಕೆ ಜೊತೆಯಾಗಲಿ ಅಂತ ಬೆಳೆದ ನಾಯಿಯೊಂದನ್ನು ದತ್ತು ತರುವ ಯೋಚನೆ ನಿಮಗಿದ್ದರೆ, ಕೊಡುವವರ ಬಾಯಿಮಾತು ನಂಬಿ ತರಬೇಡಿ. ನಾನು ನಂಬಿದೆ. ಇವತ್ತು ಎಡಗೈಗೆ ಬ್ಯಾಂಡೇಜ್ ಇದೆ, ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಕ್ಷಮಿಸಿ.

ನಮ್ಮ ಚಿನ್ನಿಗೆ 7 ವರ್ಷ. ಮರಿಯಿಂದ ಸಾಕಿದ್ದು. ನಾವು ಕೆಲಸಕ್ಕೆ ಹೋದರೆ ಸಂಜೆವರೆಗೂ ಒಬ್ಬಳೇ ಬಾಗಿಲ ಹತ್ತಿರ ಮಲಗಿರುತ್ತಾಳೆ. ನೋಡಿ ನೋಡಿ ಬೇಜಾರಾಗಿ ಅವಳಿಗೊಂದು ಜೊತೆ ಬೇಕು ಅನ್ನಿಸಿತು. ಮರಿ ತಂದರೆ ಎಲ್ಲ ಮೊದಲಿಂದ ಕಲಿಸಬೇಕು, ಅಷ್ಟು ಸಮಯ ನಮಗಿಲ್ಲ. ಕಲಿತ ನಾಯಿಯೇ ಸಿಕ್ಕರೆ ಒಳ್ಳೆಯದು ಅಂತ ಹುಡುಕುತ್ತಿದ್ದಾಗ ಈ ವ್ಯಕ್ತಿ ಸಿಕ್ಕರು. ಊರು ಬಿಡುತ್ತಿದ್ದೇವೆ, ನಾಯಿಗೆ ಒಳ್ಳೆ ಮನೆ ಬೇಕು ಅಂದರು. ಗಂಡು ನಾಯಿ, 3 ವರ್ಷ, ಹೆಸರು ರಾಜ.

ನಾನು ಕೇಳಿದ್ದು ಮೂರೇ ಪ್ರಶ್ನೆ. ಮನೆಯೊಳಗೆ ಗಲೀಜು ಮಾಡುತ್ತಾ? "ಇಲ್ಲವೇ ಇಲ್ಲ ಮೇಡಂ." ಹೇಳಿದ ಮಾತು ಕೇಳುತ್ತಾ? "ಫುಲ್ ಟ್ರೇನಿಂಗ್ ಆಗಿದೆ ಮೇಡಂ." ಬೇರೆ ನಾಯಿ ಜೊತೆ ಹೇಗೆ? "ಅಯ್ಯೋ, ಮಗು ತರ. ವಿಡಿಯೊ ಕಳಿಸ್ತೀನಿ, ನೀವೇ ನೋಡಿ."

ವಿಡಿಯೊ ಬಂತು. 12 ಸೆಕೆಂಡಿನದ್ದು. ರಾಜ ಕೂರುತ್ತಾನೆ, ಎದುರಿಗೆ ಇನ್ನೊಂದು ನಾಯಿ ನಿಂತಿದೆ, ಇವನು ಬಾಲ ಆಡಿಸುತ್ತಾನೆ. ಆಫೀಸಿನಲ್ಲಿ ಕೂತು ನೋಡಿದೆ, ಸೌಂಡ್ ಆಫ್ ಮಾಡಿಕೊಂಡು. ಈ ಸೌಂಡ್ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ.

ತಂದ ಮೂರು ದಿನ ರಾಜ ಮೂಲೆಯಲ್ಲಿ ಸುಮ್ಮನೆ ಮಲಗಿದ್ದ. ಎಷ್ಟು ಸಾಧು ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ. ಹೊಸ ಜಾಗಕ್ಕೆ ಬಂದ ನಾಯಿ ಭಯಕ್ಕೆ ಹಾಗೆ ಮುದುಡಿಕೊಂಡಿರುತ್ತದೆ, ಅದರ ನಿಜವಾದ ಗುಣ ಕಾಣಲು ಎರಡು ಮೂರು ವಾರವಾದರೂ ಬೇಕು ಅಂತ ನಾಯಿ ಡಾಕ್ಟರ್ ಆಮೇಲೆ ಹೇಳಿದರು. ಮೊದಲೇ ಯಾರಾದರೂ ಹೇಳಿದ್ದರೆ!

ನಾಲ್ಕನೇ ದಿನದಿಂದ ಶುರುವಾಯಿತು. ಬೆಳಗಾದರೆ ಸೋಫಾ ಪಕ್ಕ ಉಚ್ಚೆ. ಎಷ್ಟು ತೊಳೆದರೂ ಮತ್ತೆ ಅದೇ ಜಾಗ. ಮಾಮೂಲಿ ಫಿನಾಯಿಲ್ ಹಾಕಿದರೆ ಉಚ್ಚೆ ವಾಸನೆ ನಮಗೆ ಗೊತ್ತಾಗುವುದಿಲ್ಲ, ನಾಯಿಗೆ ಗೊತ್ತಾಗುತ್ತಲೇ ಇರುತ್ತದೆ. ಉಚ್ಚೆಯ ಅಂಶವನ್ನೇ ಒಡೆದುಹಾಕುವ ಎನ್‌ಜೈಮ್ ಇರುವ ಕ್ಲೀನರ್ ಬೇಕು. ಪೊರಕೆ ಕೈಗೆ ತೆಗೆದುಕೊಂಡರಂತೂ ನಿಂತಲ್ಲೇ ಮಾಡಿಕೊಳ್ಳುತ್ತಿದ್ದ. ಬೆಲ್ಟ್ ಹಾಕಿ ಹೊರಗೆ ಹೋದರೆ ನನ್ನನ್ನೇ ಎಳೆದುಕೊಂಡು ಹೋಗುತ್ತಿದ್ದ. ‘ಸಿಟ್’ ಅಂದರೆ ಗೊತ್ತಿಲ್ಲ. ‘ಕೂತ್ಕೋ’ ಅಂದರೂ ಗೊತ್ತಿಲ್ಲ. ಹೆಸರು ಕರೆದರೂ ತಿರುಗಿ ನೋಡುತ್ತಿರಲಿಲ್ಲ. ಫುಲ್ ಟ್ರೇನಿಂಗ್ ಅಂತೆ!

11ನೇ ದಿನ ಚಿನ್ನಿ ಅವನ ಬಟ್ಟಲ ಹತ್ತಿರ ಹೋದಳು. ರಾಜ ತಿನ್ನುವುದನ್ನು ನಿಲ್ಲಿಸಿದ. ತಲೆ ಬಟ್ಟಲ ಮೇಲೆಯೇ ಇದೆ, ಮೈ ಕಲ್ಲಿನ ಹಾಗೆ ಬಿಗಿದಿದೆ, ಓರೆಗಣ್ಣಿನ ಬಿಳಿ ಕಾಣುತ್ತಿದೆ. ಆಮೇಲೆ ಸಣ್ಣಗೆ ಗುರ್ ಅಂದ. ನಾನು ಜೋರಾಗಿ ಬೈದೆ. ನಿಲ್ಲಿಸಿದ. ಬುದ್ಧಿ ಬಂತು ಅಂದುಕೊಂಡೆ. ಇದು ನಾನು ಮಾಡಿದ ದೊಡ್ಡ ತಪ್ಪು. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೆ ಬೈದರೆ ಎಚ್ಚರಿಕೆ ಮಾತ್ರ ನಿಲ್ಲುತ್ತದೆ, ಸಿಟ್ಟು ಒಳಗೇ ಇರುತ್ತದೆ.

ಎರಡು ದಿನ ಬಿಟ್ಟು, ಗುರ್ ಅನ್ನದೆ, ಸೀದಾ ಚಿನ್ನಿಯ ಕಿವಿ ಹಿಡಿದ. ಅವಳು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಬಿಡಿಸಲು ಮಧ್ಯೆ ಕೈ ಹಾಕಿದೆ. ಯಾರೂ ಹಾಕಬೇಡಿ, ದಯವಿಟ್ಟು ಹಾಕಬೇಡಿ. ಅಂಗೈ ಪಕ್ಕ ಆಳವಾಗಿ ಹಲ್ಲು ನಾಟಿತು. ಸೋಪು ಹಾಕಿ 15 ನಿಮಿಷ ನಲ್ಲಿ ಕೆಳಗೆ ತೊಳೆದು ಆಸ್ಪತ್ರೆಗೆ ಓಡಿದೆ. ನಾಯಿಗೆ ರೇಬೀಸ್ ಲಸಿಕೆ ಆಗಿದೆಯಾ ಅಂತ ಕೇಳಿದರು. ಆಗಿದೆ, ಪುಸ್ತಕ ಇದೆ ಅಂದೆ. ಧೈರ್ಯವಾಗಿ ಅಂದೆ.

ಆ ಪುಸ್ತಕವನ್ನು ನಾಯಿ ಡಾಕ್ಟರ್ ತೆರೆದು ನೋಡಿ ನನ್ನ ಮುಖ ನೋಡಿದರು. ಬರೀ ಪೆನ್ನಿನಲ್ಲಿ ಬರೆದ ತಾರೀಖುಗಳು. ಲಸಿಕೆ ಬಾಟಲಿಯ ಸ್ಟಿಕ್ಕರ್ ಒಂದೂ ಇಲ್ಲ, ಸಹಿ ಇಲ್ಲ, ಸೀಲ್ ಇಲ್ಲ. ತರುವಾಗ ನಾನು ಮೊದಲ ಪುಟದ ಹೆಸರು, ಫೋಟೊ ನೋಡಿ ಮುಚ್ಚಿದ್ದೆ. ಅಲ್ಲಿ ನಿಂತು ತಲೆ ಎತ್ತಲು ಆಗಲಿಲ್ಲ. ಈಗ ನನಗೆ 0 (ಮೊದಲ ಇಂಜೆಕ್ಷನ್ ಹಾಕಿದ ದಿನ), 3, 7, 14, 28ನೇ ದಿನ ಅಂತ ಐದು ಇಂಜೆಕ್ಷನ್. ಮೂರು ಆಗಿದೆ. ರಾಜನನ್ನು 10 ದಿನ ಕಣ್ಣಿಟ್ಟು ನೋಡಲು ಹೇಳಿದ್ದಾರೆ.

ಆ ರಾತ್ರಿ ನಿದ್ದೆ ಬರಲಿಲ್ಲ. ವಿಡಿಯೊ ಮತ್ತೆ ಹಾಕಿದೆ, ಈ ಸಲ ಸೌಂಡ್ ಇಟ್ಟು. ರಾಜ ಕೂರುವಾಗ ಅವನ ಮೂಗಿನ ಮೇಲೆ ಬಿಸ್ಕತ್ತು ಹಿಡಿದ ಎರಡು ಬೆರಳು. ಹಾಗೆ ಹಿಡಿದರೆ ಕಲಿಯದ ನಾಯಿಯೂ ತಲೆ ಎತ್ತಿ ಕೂರುತ್ತದೆ. ಪರದೆಯ ಬಲಗಡೆ ಅಂಚಿನಲ್ಲಿ ಒಂದು ಹಗ್ಗ, ಬಿಗಿಯಾಗಿ ಎಳೆದು ಹಿಡಿದದ್ದು. ಎದುರಿನ ನಾಯಿಯ ಬಾಲ ಕಾಲ ಸಂದಿಯಲ್ಲಿ. 11ನೇ ಸೆಕೆಂಡಿಗೆ ಅವರದೇ ದನಿ: "ಹಿಡ್ಕೋ, ಹಿಡ್ಕೋ!" ಅಲ್ಲಿಗೆ ಕಟ್. ಹತ್ತಾರು ಸಲ ಹಾಕಿ ಕೇಳಿದೆ. ಅವರಿಗೆ ಗೊತ್ತಿತ್ತು. ಎಲ್ಲ ಗೊತ್ತಿತ್ತು.

ಬೆಳಗ್ಗೆ ಚಿನ್ನಿಯ ಕಿವಿ, ನನ್ನ ಕೈ, ಎರಡರ ಫೋಟೊ ಕಳಿಸಿದೆ. ಬಂದ ಉತ್ತರಗಳು ಇವು.

"ನಮ್ಮ ಮನೆಯಲ್ಲಿ ಒಂದು ದಿನವೂ ಹೀಗೆ ಮಾಡಿಲ್ಲ."

"ನಿಮ್ಮ ನಾಯಿಯೇ ಏನೋ ಮಾಡಿರಬೇಕು."

"ಪ್ರೀತಿ ಕೊಡಿ ಮೇಡಂ, ಸರಿಹೋಗುತ್ತೆ."

ವಾಪಸ್ ಕರೆದುಕೊಳ್ಳಿ ಅಂದೆ. ಆಗ ಸಿಟ್ಟಿನಲ್ಲಿ ಅವರೇ ಬಾಯಿಬಿಟ್ಟರು: "ಹಿಂದಿನ ಇಬ್ಬರೂ ಹೀಗೇ ಹೇಳಿ ತಂದು ಬಿಟ್ಟರು. ಯಾರಿಗೂ ತಾಳ್ಮೆ ಇಲ್ಲ." ಹಿಂದಿನ ಇಬ್ಬರು! ಅಂದರೆ ನಮ್ಮದು ಮೂರನೇ ಮನೆ. ಎರಡೇ ನಿಮಿಷದಲ್ಲಿ ಆ ಮೆಸೇಜ್ ಅಳಿಸಿದರು, ಅಷ್ಟರಲ್ಲಿ ನಾನು ಸ್ಕ್ರೀನ್‌ಶಾಟ್ ತೆಗೆದಿದ್ದೆ. ಆಮೇಲೆ ಬ್ಲಾಕ್.

ನೀವಾದರೂ ಹುಷಾರಾಗಿರಿ. ನಾಯಿಯನ್ನು ಎರಡು ಸಲವಾದರೂ ಎದುರಿಗೇ ನೋಡಿ, ಕೈಯಲ್ಲಿ ತಿಂಡಿ ಇಲ್ಲದೆ ಕೂರಿಸಿ ತೋರಿಸಿ ಅನ್ನಿ. ನಿಮ್ಮ ನಾಯಿಯನ್ನೂ ಕರೆದುಕೊಂಡು ಹೋಗಿ, ಇಬ್ಬರ ಮನೆಯೂ ಅಲ್ಲದ ಜಾಗದಲ್ಲಿ, ಸ್ವಲ್ಪ ದೂರದಲ್ಲಿ ಅಕ್ಕಪಕ್ಕ ನಡೆಸಿ ನೋಡಿ. ಲಸಿಕೆ ಪುಸ್ತಕದ ಪ್ರತಿ ಪುಟ ತಿರುಗಿಸಿ, ಆ ಡಾಕ್ಟರಿಗೆ ಫೋನ್ ಮಾಡಿ. ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಅಲ್ಲಿಂದಲೇ ಎದ್ದು ಬನ್ನಿ. ಮನೆಗೆ ತಂದ ಮೇಲೆ ಬೇರೆ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ ಊಟ ಹಾಕಿ.

ರಾಜ ಇನ್ನೂ ನಮ್ಮಲ್ಲೇ ಇದ್ದಾನೆ. ಮಧ್ಯೆ ಒಂದು ಗೇಟ್ ಹಾಕಿಸಿದ್ದೇವೆ, ಟ್ರೇನರ್ ಬರುತ್ತಿದ್ದಾರೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ನಾಲ್ಕನೇ ಮನೆಗೆ ಸುಳ್ಳು ಹೇಳಿ ದಾಟಿಸಲು ನನ್ನಿಂದ ಆಗುವುದಿಲ್ಲ. ಅವನನ್ನು ಮೊದಲು ಸಾಕಿದ್ದ ಆ ಎರಡು ಮನೆಯವರು ಇದನ್ನು ಓದುತ್ತಿದ್ದರೆ, ನಿಮಗೆ ಬೈಯುವುದಿಲ್ಲ, ದಯವಿಟ್ಟು ಒಂದು ವಿಷಯ ತಿಳಿಸಿ: ಪೊರಕೆ ಕಂಡರೆ ಅವನು ಯಾಕೆ ಅಷ್ಟು ಹೆದರುತ್ತಾನೆ?