ಮಂಗಳನ ಜ್ವಾಲಾಮುಖಿ ಪ್ರಿಂಟ್ ಹಾಕಿಸಿದೆ: ಐದರಲ್ಲಿ ಮೂರೂವರೆ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಇಲ್ಲಿ ಬರುವುದಿಲ್ಲ. ಉಡುಪಿ ಸಿಟಿ ಬಸ್ ಸ್ಟ್ಯಾಂಡಿನಿಂದ ನಡೆದುಕೊಂಡು ಹೋಗುವಷ್ಟು ದೂರ, ಕೆಳಗೆ ಮೊಬೈಲ್ ಅಂಗಡಿ, ಮೇಲೆ ಪ್ರಿಂಟಿಂಗ್. ಅಂಥವು ಅಲ್ಲಿ ಬೇಕಾದಷ್ಟು ಉಂಟು. ಸ್ವಲ್ಪ ಬೈಯುವುದಿದೆ, ಆದರೆ ಅಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹುಡುಗ ಒಳ್ಳೆಯವನು. ಹಾಗಾಗಿ ಹೆಸರು ಬೇಡ.

ನಾನು 34 ವರ್ಷ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂತವನು. ರಿಟೈರ್ ಆದ ಮೇಲೆ ಹಿಡಿದ ಹುಚ್ಚು ಇದು. ಮಂಗಳ ಗ್ರಹವನ್ನು ಸುತ್ತುವ ನೌಕೆಗಳು ತೆಗೆದ ಫೋಟೋ ನೋಡುವುದು, ಅದರಲ್ಲೂ ಜ್ವಾಲಾಮುಖಿಗಳದ್ದು. ನಾಸಾದ್ದೂ ಇಸ್ರೋದ್ದೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮೊಬೈಲಿನಲ್ಲಿ ನೋಡಿ ನೋಡಿ ಕಣ್ಣು ಉರಿ ಬಂದು, ಚಾವಡಿಯ ಗೋಡೆಗೆ ಮೂರು ದೊಡ್ಡ ಪ್ರಿಂಟ್ ಹಾಕಿಸುವ ಅಂತ ಪೆನ್ ಡ್ರೈವ್ ಹಿಡಿದು ಹೊರಟೆ.

ಹುಡುಗ ಮೊದಲ ಫೈಲ್ ತೆರೆದು ಕೇಳಿದ್ದು, "ಎಂತ ಸರ್ ಇದು, ಚರ್ಮದ ಡಾಕ್ಟ್ರಿಗಾ?"

ಅದು ಒಲಿಂಪಸ್ ಮಾನ್ಸ್, ಮಂಗಳನ ಅತಿ ದೊಡ್ಡ ಜ್ವಾಲಾಮುಖಿ. ನಾಸಾದ ವೈಕಿಂಗ್ ನೌಕೆಯ ಚಿತ್ರಗಳನ್ನು ಜೋಡಿಸಿ ಮಾಡಿದ್ದು. ಮೇಲಿನಿಂದ ನೋಡಿದರೆ ಹೌದು, ಮೈಮೇಲೆ ಎದ್ದ ಗಂಧೆಯ ಹಾಗೇ ಕಾಣುತ್ತದೆ. ನಾನು ಲೆಕ್ಕ ಹೇಳಿದೆ. ಎತ್ತರ ಸುಮಾರು 22 ಕಿಲೋಮೀಟರ್, ಅಂದರೆ ಕುದುರೆಮುಖದ ಮೇಲೆ ಕುದುರೆಮುಖ ಇಟ್ಟು ಹನ್ನೊಂದೂವರೆ ಸಲ. ಅಗಲ ಸುಮಾರು 600 ಕಿಲೋಮೀಟರ್. ಮಂಗಳೂರಿನಿಂದ ಚೆನ್ನೈಗೆ ನೇರ ಗೆರೆ ಎಳೆದರೆ ಹೆಚ್ಚುಕಮ್ಮಿ ಅಷ್ಟೇ. ಇಷ್ಟು ಅಗಲಕ್ಕೆ ಆ ಎತ್ತರ ಹರಡಿದ್ದರಿಂದ ಇಳಿಜಾರು ಬರೀ ಐದು ಡಿಗ್ರಿಯ ಹತ್ತಿರ. ಅದರ ಮೇಲೆ ನಿಂತವನಿಗೆ ಬೆಟ್ಟದ ಮೇಲೆ ಇದ್ದೇನೆ ಅಂತಲೇ ಗೊತ್ತಾಗಲಿಕ್ಕಿಲ್ಲ. ಅದನ್ನು ಪೂರ್ತಿ ನೋಡಬೇಕಾದರೆ ಮೇಲೆ ಸುತ್ತುವ ನೌಕೆಯಿಂದಲೇ ನೋಡಬೇಕು.

"ಅಷ್ಟು ದೊಡ್ಡದು ಹೇಗಾಯ್ತು ಸರ್?"

ಭೂಮಿಯ ಮೇಲ್ಪದರದ ತಟ್ಟೆಗಳು ಸರಿಯುತ್ತಾ ಇರುತ್ತವೆ. ಹವಾಯಿಯಲ್ಲಿ ಕೆಳಗಿನ ಬಿಸಿ ಜಾಗ ಅಲ್ಲಿಯೇ ಉಳಿಯಿತು, ಮೇಲಿನ ತಟ್ಟೆ ಸರಿಯಿತು, ಒಂದು ಬೆಟ್ಟದ ಬದಲು ದ್ವೀಪಗಳ ಸಾಲು ಎದ್ದಿತು. ಮಂಗಳನಲ್ಲಿ ಹಾಗೆ ಸರಿಯುವ ತಟ್ಟೆ ಇಲ್ಲ. ಕಾವಲಿಯ ಒಂದೇ ಜಾಗಕ್ಕೆ ಹಿಟ್ಟು ಹೊಯ್ಯುತ್ತಲೇ ಹೋದರೆ ಎಂತಾಗ್ತದೆ, ಹಾಗೆ. ಗುರುತ್ವವೂ ನಮ್ಮದರ ಶೇಕಡಾ 38 ಮಾತ್ರ, ರಾಶಿ ಎಷ್ಟು ಎದ್ದರೂ ಭಾರ ಕಮ್ಮಿ. ಹುಡುಗ ತಲೆ ಆಡಿಸಿ ಮಾನಿಟರಿನ ಧೂಳನ್ನು ಅಂಗಿ ತೋಳಿನಲ್ಲಿ ಒರೆಸಿದ. ನನಗೆ 1971ರ ಮ್ಯಾರಿನರ್ 9 ನೆನಪಾಯಿತು. ಆ ನೌಕೆ ಹೋಗಿ ಮುಟ್ಟುವಾಗ ಇಡೀ ಗ್ರಹಕ್ಕೆ ಧೂಳಿನ ಬಿರುಗಾಳಿ. ಕ್ಯಾಮೆರಾಕ್ಕೆ ಕಂಡದ್ದು ನಾಲ್ಕು ಕಪ್ಪು ಚುಕ್ಕೆ ಮಾತ್ರ. ಧೂಳು ಇಳಿದ ಮೇಲೆ ನೋಡಿದರೆ ಆ ನಾಲ್ಕೂ ಜ್ವಾಲಾಮುಖಿಯ ತುದಿಗಳು! ಒಲಿಂಪಸ್, ಆಸ್ಕ್ರೇಯಸ್, ಪಾವೋನಿಸ್, ಆರ್ಸಿಯಾ. ಇದನ್ನೂ ಹೇಳಿದೆ. ನನ್ನ ಹಿಂದೆ ಮದುವೆ ಬ್ಯಾನರ್ ಮಾಡಿಸಲು ಬಂದವರೊಬ್ಬರು ಗಡಿಯಾರ ನೋಡುತ್ತಿದ್ದರು.

ಈಗ ವಿಮರ್ಶೆಗೆ ಬರುತ್ತೇನೆ.

ಒಲಿಂಪಸ್ ಪ್ರಿಂಟಿಗೆ ಪೂರ್ತಿ ಅಂಕ. ಮೂರು ಅಡಿ ಅಗಲ, ಸನ್‌ಬೋರ್ಡಿಗೆ ಅಂಟಿಸಿ ಕೊಟ್ಟರು. ತುದಿಯಲ್ಲಿ ಒಂದರೊಳಗೊಂದು ಕುಸಿದ ಆರು ಗುಂಡಿಗಳು ಚೆನ್ನಾಗಿ ಬಂದಿವೆ. ಒಳಗಿನ ಲಾವಾ ಖಾಲಿಯಾದಾಗ ಮೇಲಿನ ಮಾಡು ಕುಸಿದು ಆದದ್ದು ಅವು. ಎಲ್ಲ ಸೇರಿ 80 ಕಿಲೋಮೀಟರ್ ಉದ್ದ, 60 ಅಗಲ. ನಮ್ಮ ಉಡುಪಿ-ಮಂಗಳೂರು ಎರಡೂ ಒಳಗೆ ಹಿಡಿಯುತ್ತವೆ. ಬೆಟ್ಟದ ಬುಡದ ಅಂಚಿನ ಸುತ್ತ ಕೆಲವು ಕಡೆ 8 ಕಿಲೋಮೀಟರ್ ಎತ್ತರದ ಕಡಿದಾದ ಗೋಡೆ ಉಂಟು, ಅದರ ನೆರಳೂ ಸರಿಯಾಗಿ ಬಿದ್ದಿದೆ. ನನ್ನ ಹೆಂಡತಿ ನೋಡಿ, "ಇದು ನಮ್ಮ ಹಲಸಿನ ಹಪ್ಪಳ ಅಲ್ವಾ, ಅಂಚು ಎದ್ದದ್ದು" ಅಂದಳು. ಈಗ ನನಗೂ ಹಾಗೇ ಕಾಣುತ್ತದೆ, ಏನು ಮಾಡುವುದು.

ಎಡವಟ್ಟಾದದ್ದು ಎರಡನೆಯದರಲ್ಲಿ. ಅದು ಆರ್ಸಿಯಾ ಮಾನ್ಸ್, ನಮ್ಮ ಮಂಗಳಯಾನದ ಬಣ್ಣದ ಕ್ಯಾಮೆರಾ ಹತ್ತು ಸಾವಿರ ಕಿಲೋಮೀಟರಿಗೂ ಎತ್ತರದಿಂದ ತೆಗೆದ ಚಿತ್ರ. ಮೂರರಲ್ಲಿ ನನಗೆ ಜಾಸ್ತಿ ಪ್ರೀತಿ ಇದರ ಮೇಲೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನಾನು ಟಿವಿ ಮುಂದೆ ಕೂತು ಬ್ಯಾಂಕಿಗೆ ಲೇಟಾದವನು.

ಹುಡುಗ ಅದನ್ನು "ಸರಿ" ಮಾಡಿದ. ನನ್ನನ್ನು ಕೇಳದೆ. ತರಲು ಹೋದಾಗ ನೋಡಿದರೆ ಚಿತ್ರ ಕುಂಕುಮದ ಭರಣಿಯಲ್ಲಿ ಅದ್ದಿದ ಹಾಗೆ. "ಮಂಗಳ ಅಂದ್ರೆ ಕೆಂಪು ಗ್ರಹ ಅಲ್ವಾ ಸರ್, ಒರಿಜಿನಲ್ ಡಲ್ ಇತ್ತು." ಅಲ್ಲ ಮಾರಾಯಾ, ಮಂಗಳನ ನಿಜವಾದ ಬಣ್ಣವೇ ಆ ಡಲ್ಲು. ತುಕ್ಕಿನ ಪುಡಿಯನ್ನು ಹಳದಿ ಮಣ್ಣಿಗೆ ಬೆರೆಸಿದ ಹಾಗೆ. ಕೆಂಪು ಏರಿಸಿದ್ದರಿಂದ ಇಳಿಜಾರಿನ ಲಾವಾ ಹರಿವಿನ ತೆಳು ಗೆರೆಗಳೆಲ್ಲ ಮುಳುಗಿಹೋಗಿದ್ದವು.

ಅದು ಸಾಲದು ಅಂತ ನೇತುಹಾಕುವ ಕೊಕ್ಕೆಯನ್ನು ಕೆಳಗಿನ ಬದಿಗೆ ಹೊಡೆದಿದ್ದ. ಗೋಡೆಗೆ ಹಾಕಿದರೆ ಚಿತ್ರ ತಲೆಕೆಳಗು. ಮೇಲಿನಿಂದ ತೆಗೆದ ಫೋಟೋಗೆ ತಲೆ ಯಾವುದು ಕಾಲು ಯಾವುದು ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಆದರೆ ವ್ಯತ್ಯಾಸ ಸಣ್ಣದಲ್ಲ. ನಮ್ಮ ಕಣ್ಣಿಗೆ ಬೆಳಕು ಯಾವಾಗಲೂ ಮೇಲಿನಿಂದ ಬಂದೇ ಅಭ್ಯಾಸ. ಚಿತ್ರ ತಿರುಗಿದರೆ ನೆರಳು ಕೆಳಗೆ ಬಂದು, ಗುಂಡಿ ಇದ್ದದ್ದು ಉಬ್ಬಾಗಿ ಕಾಣುತ್ತದೆ. ಆರ್ಸಿಯಾದ ಬಾಯಿ ಸುಮಾರು 110 ಕಿಲೋಮೀಟರ್ ಅಗಲದ ಗುಂಡಿ, ಮಂಗಳೂರಿನಿಂದ ಬೈಂದೂರಿನಷ್ಟು. ನನ್ನ ಚಾವಡಿಯಲ್ಲಿ ಅದು ಕೀವು ತುಂಬಿದ ಕುರುವಿನ ಹಾಗೆ ಎದ್ದು ನಿಂತಿತ್ತು.

ವಾಪಸ್ ಒಯ್ದೆ. "ಇಂಕ್ ದುಡ್ಡಾದ್ರೂ ಕೊಡಿ ಸರ್" ಅಂದ. ನಾನು ಬೋರ್ಡನ್ನು ಕೌಂಟರಿನ ಮೇಲೆ ಇಟ್ಟು ನಿಧಾನಕ್ಕೆ ತಿರುಗಿಸಿದೆ. ಉಬ್ಬು ಗುಂಡಿಯಾಯಿತು. ಮತ್ತೆ ತಿರುಗಿಸಿದೆ, ಗುಂಡಿ ಉಬ್ಬಾಯಿತು. ಹುಡುಗ "ಅಯ್ಯೋ" ಅಂತ ಒಳಗಿದ್ದ ಧಣಿಯನ್ನು ಕರೆದ. ಅವರೂ ಎರಡು ಸಲ ತಿರುಗಿಸಿ ನೋಡಿದರು. ಪುಕ್ಕಟೆ ಹೊಸ ಪ್ರಿಂಟ್ ಕೊಟ್ಟರು. ಅದಕ್ಕೆ ಅರ್ಧ ಅಂಕ ವಾಪಸ್.

ಒಂದು ವಿಷಯದಲ್ಲಿ ತಪ್ಪು ನನ್ನದೇ. ಮಂಗಳಯಾನದ ಆ ಕ್ಯಾಮೆರಾದ ಚಿತ್ರ ಇರುವುದೇ 2048 ಚುಕ್ಕೆ (ಪಿಕ್ಸೆಲ್) ಉದ್ದ, 2048 ಅಗಲ. ಒಂದು ಚುಕ್ಕೆಗೆ ಅರ್ಧ ಕಿಲೋಮೀಟರಿಗೂ ಜಾಸ್ತಿ ನೆಲ. ನಮ್ಮ ಮನೆಯಿಂದ ಹಾಲಿನ ಡೈರಿಗೆ ಹೋಗಿ ಬರುವುದೆಲ್ಲ ಎರಡು ಚುಕ್ಕೆಯಲ್ಲಿ ಮುಗಿಯಿತು. ಮೂರು ಅಡಿಗೆ ಎಳೆದರೆ ಮಬ್ಬಾಗುತ್ತದೆ ಅಂತ ಹುಡುಗ ಮೊದಲೇ ಹೇಳಿದ್ದ. ನಾನು ಕೇಳಲಿಲ್ಲ. ಎರಡನೇ ಸಲ ಎರಡು ಅಡಿಗೆ ಇಳಿಸಿದೆವು, ಚೆನ್ನಾಗಿದೆ.

ಮೂರನೆಯದು ಅವನಿಗೂ ಇಷ್ಟವಾದದ್ದು. ಮಂಗಳನನ್ನು ಸುತ್ತುವ ನಾಸಾ ನೌಕೆಯ ಹೈರೈಸ್ ಕ್ಯಾಮೆರಾದ್ದು, ಚುಕ್ಕೆ ಒಂದಕ್ಕೆ ಮಂಗಳೂರು ಹೆಂಚಿನ ಅಗಲದಷ್ಟು ನೆಲ. ಮಂಗಳನ ಮಾರ್ಟೆ ವ್ಯಾಲಿಸ್ ಕಣಿವೆಯ ಹತ್ತಿರದ ಒಂದು ಕುಳಿಯ ಗೋಡೆಯಲ್ಲಿ ಕಂಬ ಕಂಬವಾಗಿ ನಿಂತ ಲಾವಾ. 2009ರಲ್ಲಿ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಹುಡುಗ ಝೂಮ್ ಮಾಡಿ ಸುಮ್ಮನಾದ. ಆಮೇಲೆ, "ಸರ್, ಇದು ನಮ್ಮ ತೋನ್ಸೆಪಾರ್ ಅಲ್ವಾ?"

ಅದೇ ಜಾತಿಯ ಕಲ್ಲುಕಂಬ. ಮಲ್ಪೆಯಿಂದ ದೋಣಿ ಹತ್ತಿ ತೋನ್ಸೆಪಾರ್, ಅಂದರೆ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರೆಲ್ಲ ಅದರ ಮೇಲೆ ಕೂತು ಫೋಟೋ ತೆಗೆಸಿಕೊಂಡವರೇ. ದಪ್ಪ ಲಾವಾ ನಿಧಾನವಾಗಿ ತಣಿಯುವಾಗ ಕುಗ್ಗಿ, ಗದ್ದೆಯ ಕೆಸರು ಬಿರಿದ ಹಾಗೆ ಬಿರಿದು, ಬಿರುಕು ಕೆಳಗೆ ಇಳಿಯುತ್ತಾ ಹೋಗಿ ಕಂಬವಾಗುತ್ತದೆ. ನಮ್ಮದು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷ. ಹುಡುಗನ ಮನೆ ಮಲ್ಪೆ ಹತ್ತಿರವಂತೆ. ಈ ಫೈಲಿನ ಬಣ್ಣ ಮುಟ್ಟಲೇ ಇಲ್ಲ.

ಒಂದು ಕಿವಿಮಾತು: ಗ್ಲಾಸಿ ಲ್ಯಾಮಿನೇಷನ್ ಬೇಡ, ಮ್ಯಾಟ್ ಕೇಳಿ. ನಾನು ಒಲಿಂಪಸ್‌ಗೆ ಗ್ಲಾಸಿ ಹಾಕಿಸಿ ಈಗ ರಾತ್ರಿ ಜ್ವಾಲಾಮುಖಿಯ ನಡುವೆ ಟ್ಯೂಬ್‌ಲೈಟ್ ನೋಡುತ್ತಿದ್ದೇನೆ. ಮೂರಕ್ಕೂ ಸೇರಿ 2,150 ರೂಪಾಯಿ ಆಯಿತು, ಬಿಲ್ ಕೇಳಿ ತೆಗೆದುಕೊಂಡೆ. ಹೇಳಿದ ದಿನಕ್ಕಿಂತ ಎರಡು ದಿನ ತಡ.

ಮೊನ್ನೆ ನಾಲ್ಕನೆಯದಕ್ಕೆ ಅಡ್ವಾನ್ಸ್ ಕೊಟ್ಟು ಬಂದೆ. ಈ ಸಲ ಶುಕ್ರ ಗ್ರಹದ ಮಾಟ್ ಮಾನ್ಸ್ ಜ್ವಾಲಾಮುಖಿ, ನಾಸಾದ ಮೆಗೆಲ್ಲನ್ ನೌಕೆಯದ್ದು. ಹುಡುಗ ಬುದ್ಧಿ ಕಲಿತಿದ್ದಾನೆ. ಫೈಲ್ ತೆರೆದ ಕೂಡಲೇ, "ಬೆಳಕು ಯಾವ ಕಡೆಯಿಂದ ಸರ್? ಬಣ್ಣ ಹೀಗೇ ಇರ್ಲಾ?" ಅಂತ ಕೇಳಿದ. ನನಗೆ ಉತ್ತರ ಕೊಡಲು ಕಷ್ಟವಾಯಿತು. ಮೇಲೆ ಸುತ್ತುವ ನೌಕೆಯ ಕ್ಯಾಮೆರಾಕ್ಕೆ ಶುಕ್ರನ ಮೋಡದ ಕೆಳಗಿನ ನೆಲ ಕಾಣುವುದಿಲ್ಲ, ಅದು ರಾಡಾರ್ ಚಿತ್ರ, ಬಿಸಿಲೇ ಇಲ್ಲ. ಆ ಕಿತ್ತಳೆ ಬಣ್ಣ ರಷ್ಯದ ವೆನೆರಾ ನೌಕೆಗಳು ಕೆಳಗಿಳಿದು ತೆಗೆದ ಫೋಟೋ ನೋಡಿ ಆಮೇಲೆ ಹಚ್ಚಿದ್ದು. ಬೆಟ್ಟದ ಎತ್ತರವನ್ನೂ 22.5 ಪಟ್ಟು ಎಳೆದಿದ್ದಾರೆ.

ಹುಡುಗ ನನ್ನ ಮುಖ ನೋಡಿದ. "ಹಾಗಾದ್ರೆ ಅವರು ಮಾಡಿದ್ರೆ ಆಗ್ತದೆ, ನಾನು ಮಾಡಿದ್ರೆ ಮಾತ್ರ ತಪ್ಪಾ ಸರ್?"

ಮ್ಯಾಟ್ ಲ್ಯಾಮಿನೇಷನ್ ಮರೆಯಬೇಡ ಅಂತ ಹೇಳಿ ಮೆಟ್ಟಿಲು ಇಳಿದೆ.